ಫರ್ಮ್‌ವೇರ್ ಅಪ್‌ಗ್ರೇಡ್ ಆದ ಮೇಲೆ ರೌಟರ್ ಕೈಕೊಟ್ಟರೆ: ರೀಸೆಟ್ ಒತ್ತುವ ಮುಂಚೆ ನೋಡಬೇಕಾದ್ದು

ರೌಟರಿಗೆ ಹೊಸ ಫರ್ಮ್‌ವೇರ್ (ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಹಾಕಿದ ಮೇಲೆ ನೆಟ್ ಹೋಯಿತೆಂದರೆ ಕೈ ಮೊದಲು ಹುಡುಕುವುದು ಪೆಟ್ಟಿಗೆಯ ಹಿಂದಿರುವ ರೀಸೆಟ್ ತೂತನ್ನು. ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಕೆಲವು ಸಲ ಸರಿಹೋಗುವುದೂ ಉಂಟು. ಆದರೆ ಅದೇ ಹತ್ತು ಸೆಕೆಂಡಿನಲ್ಲಿ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್, ವಿಎಲ್ಯಾನ್ ನಂಬರು (ಒಂದೇ ತಂತಿಯಲ್ಲಿ ಬೇರೆಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ), ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಮನೆಯೊಳಗಿನ ಒಂದು ಯಂತ್ರಕ್ಕೆ ದಾಟಿಸುವ ಸೆಟ್ಟಿಂಗ್) ಎಲ್ಲವೂ ಅಳಿಸಿಹೋಗುತ್ತವೆ. ದೋಷ ಎಲ್ಲಿತ್ತು ಎಂದು ಹೇಳಬಲ್ಲ ಲಾಗ್ ಕೂಡ ಅವುಗಳ ಜೊತೆಗೇ ಹೋಗುತ್ತದೆ.

ನಾನು ಕಂಡ ಮಟ್ಟಿಗೆ, ಅಪ್‌ಗ್ರೇಡ್ ಆದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಫರ್ಮ್‌ವೇರ್ ಕೆಟ್ಟಿದ್ದರಿಂದ ಬಂದವಲ್ಲ. ಹೊಸ ಫರ್ಮ್‌ವೇರ್ ಯಾವುದೋ ಒಂದು ಸೆಟ್ಟಿಂಗನ್ನು ತಾನಾಗಿ ಬದಲಿಸಿರುತ್ತದೆ, ಇಲ್ಲವೇ ಹಳೆಯ ಸೆಟ್ಟಿಂಗನ್ನು ಬೇರೆ ರೀತಿ ಓದಿಕೊಂಡಿರುತ್ತದೆ. ಆ ಒಂದನ್ನು ಹಿಡಿದರೆ ಉಳಿದದ್ದನ್ನು ಮುಟ್ಟಬೇಕಾಗಿಲ್ಲ.

ಮೊದಲು ಕಾಯಿರಿ

ಅಪ್‌ಗ್ರೇಡ್ ನಡೆಯುವಾಗ ಬ್ರೌಸರಿನಲ್ಲಿ ಓಡುವ ಶೇಕಡಾ ಪಟ್ಟಿಯನ್ನು ನಂಬಿ ಕೂರಬೇಡಿ. ಎಷ್ಟೋ ರೌಟರುಗಳಲ್ಲಿ ಅದು ನಿಜವಾದ ಕೆಲಸವನ್ನು ಅಳೆಯುವುದೇ ಇಲ್ಲ, ಅಂದಾಜು ಸಮಯವನ್ನು ಎಣಿಸುತ್ತದೆ ಅಷ್ಟೆ. ಪಟ್ಟಿ 100ಕ್ಕೆ ಮುಟ್ಟಿದ ಮೇಲೂ ಒಳಗೆ ಫ್ಲ್ಯಾಶ್ ಮೆಮರಿಗೆ ಬರೆಯುವುದು ನಡೆದೇ ಇರಬಹುದು. ಕೆಲವು ರೌಟರುಗಳು ಎರಡೆರಡು ಸಲ ರೀಬೂಟ್ ಆಗುತ್ತವೆ. ಹತ್ತು ನಿಮಿಷ ಪವರ್ ತೆಗೆಯದೆ ಬಿಡಿ. ಈ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಅರ್ಧ ಬರೆದ ಫರ್ಮ್‌ವೇರ್ ಉಳಿದು, ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಹತ್ತು ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ಮೋಡೆಮ್ ಮತ್ತು ರೌಟರ್ ಎರಡರ ಪವರೂ ತೆಗೆಯಿರಿ. ಮೊದಲು ಮೋಡೆಮ್ ಹಚ್ಚಿ, ಅದರ ಲೈಟುಗಳು ನಿಂತ ಮೇಲೆ ರೌಟರ್ ಹಚ್ಚಿ. ರೌಟರಿನ ಗುರುತನ್ನು ನೆನಪಿಟ್ಟುಕೊಂಡಿರುವ ಮೋಡೆಮ್ ಆಗಿದ್ದರೆ ಇಷ್ಟರಲ್ಲೇ ಮುಗಿಯುತ್ತದೆ.

ಲೈಟುಗಳು ಹತ್ತಿ, ಆರಿ, ಮತ್ತೆ ಹತ್ತುತ್ತಲೇ ಇದ್ದರೆ ಫರ್ಮ್‌ವೇರನ್ನು ದೂರುವ ಮುಂಚೆ ಅಡಾಪ್ಟರ್ ನೋಡಿ. ವರ್ಷಗಟ್ಟಲೆ ಆರಿಸದೆ ಓಡಿಸಿದ ರೌಟರಿನ ಅಡಾಪ್ಟರ್ ಬಳಲಿರುತ್ತದೆ. ಓಡುತ್ತಿರುವಷ್ಟು ದಿನ ಗೊತ್ತಾಗುವುದಿಲ್ಲ. ರೀಬೂಟ್ ಆಗುವಾಗ ಎಲ್ಲ ರೇಡಿಯೊಗಳೂ ಒಟ್ಟಿಗೆ ಏಳಬೇಕಲ್ಲ, ಆಗ ವೋಲ್ಟೇಜ್ ಕುಸಿಯುತ್ತದೆ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನಿನ ಧ್ರುವ ಹೊಂದುವ ಬೇರೆ ಅಡಾಪ್ಟರ್ ಹಾಕಿ ನೋಡಿ.

ಎಲ್ಲಿ ತುಂಡಾಗಿದೆ?

ಇನ್ನು ಮುಂದಿನದೆಲ್ಲ ಕೇಬಲ್ ಹಾಕಿದ ಕಂಪ್ಯೂಟರಿನಲ್ಲೇ ಮಾಡಿ. ವೈ-ಫೈಯನ್ನು ಪರೀಕ್ಷೆಯಿಂದ ಹೊರಗಿಡದಿದ್ದರೆ ಎರಡು ದೋಷ ಒಂದರೊಳಗೊಂದು ಸೇರಿ ದಾರಿ ತಪ್ಪಿಸುತ್ತವೆ.

ಮೂರು ಪ್ರಶ್ನೆ ಸಾಕು. ರೌಟರಿಗೆ ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್) ಮಾಡಿ: ಅದರ ವಿಳಾಸ ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಉತ್ತರ ಬಂದರೆ ಹೊರಗಿನ ವಿಳಾಸಕ್ಕೆ ಮಾಡಿ: 8.8.8.8 ಅಥವಾ 1.1.1.1. ಅದಕ್ಕೂ ಬಂದರೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ ಮಾಡಿ.

ರೌಟರೇ ಉತ್ತರ ಕೊಡದಿದ್ದರೆ ಕಂಪ್ಯೂಟರಿಗೆ ಯಾವ ಐಪಿ ವಿಳಾಸ ಬಂದಿದೆ ನೋಡಿ. 169.254 ಎಂದು ಶುರುವಾಗುವ ವಿಳಾಸವಿದ್ದರೆ ಅದನ್ನು ರೌಟರ್ ಕೊಟ್ಟಿಲ್ಲ. ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಿಂದ ಏನೂ ಬಾರದೆ ಕಂಪ್ಯೂಟರ್ ತಾನೇ ಇಟ್ಟುಕೊಂಡದ್ದು. ಅಂದರೆ ರೌಟರಿನ ಡಿಎಚ್‌ಸಿಪಿ ನಿಂತಿದೆ, ಇಲ್ಲವೇ ರೌಟರ್ ಪೂರ್ತಿ ಎದ್ದೇ ಇಲ್ಲ. ವಿಳಾಸ ಸರಿಯಾಗಿ ಬಂದಿದ್ದೂ ಹಳೆಯ ನಂಬರಿಗೆ ಉತ್ತರವಿಲ್ಲದಿದ್ದರೆ, ಡೀಫಾಲ್ಟ್ ಗೇಟ್‌ವೇ ಎಂದು ಕಾಣುವ ನಂಬರನ್ನು ಓದಿ. ರೌಟರಿನ ವಿಳಾಸವೇ ಬದಲಾಗಿರಬಹುದು.

ರೌಟರ್ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ದೋಷ ಸಂಪರ್ಕದ ಕಡೆಯದು. ಎರಡೂ ಕೊಟ್ಟು ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್, ಅಂದರೆ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ. ಮೂರೂ ಸರಿಯಿದ್ದು ಮೊಬೈಲಿನಲ್ಲಿ ಮಾತ್ರ ತೊಂದರೆ ಎಂದರೆ ವೈ-ಫೈ.

ಹೊರಗಿನ ಸಂಪರ್ಕವೇ ಬಾರದಿದ್ದಾಗ

ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಸಂಪರ್ಕದ ವಿಳಾಸ) 0.0.0.0 ಎಂದಿದ್ದರೆ ಮೊದಲು ಸಂಪರ್ಕದ ಬಗೆ ನೋಡಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಇದ್ದದ್ದು ಡಿಎಚ್‌ಸಿಪಿ ಆಗಿರಬಹುದು. ಫೈಬರ್ ಸಂಪರ್ಕಗಳಲ್ಲಿ ವಿಎಲ್ಯಾನ್ ನಂಬರ್ ಅಳಿಸಿಹೋದರೆ ಯೂಸರ್‌ನೇಮ್, ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಆಚೆ ಕಡೆಯವರಿಗೆ ನಮ್ಮ ಕರೆ ಕೇಳಿಸುವುದೇ ಇಲ್ಲ. ಹಿಂದೆ ಮ್ಯಾಕ್ ಅಡ್ರೆಸ್ ಕ್ಲೋನ್ ಮಾಡಿದ್ದಿದ್ದರೆ (ಬೇರೆ ಯಂತ್ರದ ಹಾರ್ಡ್‌ವೇರ್ ಗುರುತನ್ನು ರೌಟರಿಗೆ ಕೊಟ್ಟಿದ್ದರೆ) ಅದೂ ಹೋಗಿರಬಹುದು.

ಇನ್ನೊಂದು ಬಗೆ ಇದೆ, ಇದರಲ್ಲಿ ಜನ ತುಂಬಾ ಒದ್ದಾಡುತ್ತಾರೆ. ಮನೆಯಲ್ಲಿ ಎರಡು ಪೆಟ್ಟಿಗೆ: ಕಂಪನಿಯವರು ಕೊಟ್ಟದ್ದೊಂದು, ನೀವು ಕೊಂಡದ್ದೊಂದು. ನಿಮ್ಮದನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ಬರೀ ವೈ-ಫೈ ಹರಡುವ ಕೆಲಸಕ್ಕೆ) ಇಟ್ಟಿದ್ದಿರಿ, ಅಪ್‌ಗ್ರೇಡ್ ಅದನ್ನು ರೌಟರ್ ಮೋಡಿಗೆ ತಂದುಬಿಟ್ಟಿತು. ಈಗ ಎರಡೂ 192.168.1.1 ಎನ್ನುತ್ತವೆ. ಎರಡೂ ಕಡೆ ಒಂದೇ ವಿಳಾಸದ ಗುಂಪಿದ್ದರೆ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಯಾವ ಕಡೆಗೆ ಕಳಿಸಬೇಕೆಂದು ನಿಮ್ಮ ರೌಟರಿಗೆ ತಿಳಿಯುವುದಿಲ್ಲ. ಮೋಡನ್ನು ಮೊದಲಿನಂತೆ ಮಾಡಿ, ಅಥವಾ ನಿಮ್ಮ ಪೆಟ್ಟಿಗೆಯ ವಿಳಾಸವನ್ನು 192.168.50.1 ಎಂದು ಬದಲಿಸಿ.

ಹೆಸರು ಸಿಗುವುದಿಲ್ಲ, ನಂಬರ್ ಸಿಗುತ್ತದೆ

ನನ್ನ ರೌಟರಿನಲ್ಲೇ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಕಾರಣವಿದ್ದ ಜಾಗದಲ್ಲಿ ಯಾರೂ ಹುಡುಕುವುದಿಲ್ಲ.

ಅಪ್‌ಗ್ರೇಡ್ ಮುಗಿಯಿತು, ಲೈಟುಗಳೆಲ್ಲ ಹಸಿರು, 8.8.8.8ಕ್ಕೆ ಪಿಂಗ್ ಸರಾಗ. ಆದರೆ ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ. ಹೆಸರಿನ ವಿಳಾಸ ಕೇಳುವ ಎನ್‌ಎಸ್‌ಲುಕಪ್ ಕಮಾಂಡ್ ಹಾಕಿ 8.8.8.8 ಅನ್ನೇ (ಅದು ಗೂಗಲ್ಲಿನ ಡಿಎನ್‌ಎಸ್ ಸರ್ವರ್) ನೇರ ಕೇಳಿದರೆ ಉತ್ತರ ಬರುತ್ತದೆ. ರೌಟರನ್ನು ಕೇಳಿದರೆ ಸಮಯ ಮೀರಿತು ಎನ್ನುತ್ತದೆ. ಅಂದರೆ ರೌಟರಿನೊಳಗಿನ ಡಿಎನ್‌ಎಸ್ ಮಾತ್ರ ಕೆಲಸ ಮಾಡುತ್ತಿಲ್ಲ. ಡಿಎನ್‌ಎಸ್ ಸರ್ವರ್ ಬದಲಿಸಿದೆ, ರೀಬೂಟ್ ಮಾಡಿದೆ, ಕೇಬಲ್ ಬದಲಿಸಿದೆ. ಎರಡು ಸಂಜೆ ಹೋದವು. ಮೂರನೆಯ ಸಂಜೆ ಸಿಸ್ಟಂ ಲಾಗ್ ತೆರೆದು ಸಾಲುಗಳನ್ನು ಓದುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ದೋಷದ ಸಂದೇಶವಲ್ಲ, ಪ್ರತಿ ಸಾಲಿನ ಎಡತುದಿಯಲ್ಲಿದ್ದ ತಾರೀಕು: ಗುರುವಾರ, ಜನವರಿ 1, 1970.

ಮನೆಬಳಕೆಯ ಹೆಚ್ಚಿನ ರೌಟರುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಪವರ್ ಬಂದಾಗ ಅವಕ್ಕೆ ಹೊತ್ತು ಗೊತ್ತಿರುವುದಿಲ್ಲ. ಹೊತ್ತು ಹೇಳುವ ಎನ್‌ಟಿಪಿ ಸರ್ವರನ್ನು ಕೇಳಿ ತಿಳಿದುಕೊಳ್ಳುತ್ತವೆ. ನಾನು ರೌಟರಿನಲ್ಲಿ ಡಿಎನ್‌ಎಸ್ ಓವರ್ ಟಿಎಲ್‌ಎಸ್ (ಡಿಎನ್‌ಎಸ್ ಪ್ರಶ್ನೆಗಳನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಹಾಕಿಕೊಂಡಿದ್ದೆ. ಅದು ಕೆಲಸ ಮಾಡಬೇಕಾದರೆ ಆಚೆಯ ಸರ್ವರಿನ ಸರ್ಟಿಫಿಕೇಟ್ ಈ ಹೊತ್ತಿಗೆ ಜಾರಿಯಲ್ಲಿದೆಯೇ ಎಂದು ನೋಡಬೇಕು. 1970ರಲ್ಲಿ ನಿಂತಿರುವ ರೌಟರಿಗೆ ಇವತ್ತಿನ ಯಾವ ಸರ್ಟಿಫಿಕೇಟೂ ಇನ್ನೂ ಶುರುವಾಗಿಲ್ಲ. ಹಾಗಾಗಿ ಡಿಎನ್‌ಎಸ್ ಇಲ್ಲ. ಡಿಎನ್‌ಎಸ್ ಇಲ್ಲದೆ ಎನ್‌ಟಿಪಿ ಸರ್ವರಿನ ಹೆಸರು ಸಿಗುವುದಿಲ್ಲ. ಅದು ಸಿಗದೆ ಗಡಿಯಾರ ಸರಿಯಾಗುವುದಿಲ್ಲ. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ. ಹಳೆಯ ಫರ್ಮ್‌ವೇರ್‌ನಲ್ಲಿ ಇಷ್ಟು ದಿನ ಇದು ಬಂದಿರಲಿಲ್ಲ.

ಪರಿಹಾರ ಚಿಕ್ಕದು. ಎನ್‌ಟಿಪಿ ಸರ್ವರ್ ಹಾಕುವ ಜಾಗದಲ್ಲಿ ಹೆಸರಿನ ಜೊತೆಗೆ ಒಂದು ಐಪಿ ವಿಳಾಸವನ್ನೂ ಕೊಡಿ. ಅದಕ್ಕೆ ಅವಕಾಶವಿಲ್ಲದ ರೌಟರಾದರೆ ಸುರಕ್ಷಿತ ಡಿಎನ್‌ಎಸ್ಸನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಗಡಿಯಾರ ಸರಿಯಾಗುವವರೆಗೆ ಕಾದು, ಮತ್ತೆ ಹಚ್ಚಿ. ಆದರೆ ಮುಂದಿನ ಸಲ ಪವರ್ ಹೋದಾಗ ಇದೇ ಪಾಡು ಮರಳಬಹುದು. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರವನ್ನು ಸಹಿಯಿಂದ ಪರಿಶೀಲಿಸುವ ವ್ಯವಸ್ಥೆ) ಹಚ್ಚಿದವರಿಗೂ ಇದೇ ತೊಂದರೆ ಬರಬಹುದು, ಅಲ್ಲಿ ಸಹಿಗಳಿಗೂ ಅವಧಿ ಇರುತ್ತದೆ. ಅಂದಿನಿಂದ ಯಾರು ಕೇಳಿದರೂ ನಾನು ಹೇಳುವ ಮೊದಲ ಮಾತು: ರೌಟರಿನ ಗಡಿಯಾರ ನೋಡಿ. ಅರ್ಧ ನಿಮಿಷದ ಕೆಲಸ.

ಕೆಲವು ಸೈಟು ಬರುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ

ಮೆಸೇಜು ಹೋಗುತ್ತದೆ, ಫೋಟೊ ಹೋಗುವುದಿಲ್ಲ. ಸರ್ಚ್ ಬರುತ್ತದೆ, ಲಾಗಿನ್ ಪುಟ ಸುತ್ತುತ್ತಲೇ ಇರುತ್ತದೆ. ಈ ಲಕ್ಷಣ ಕಂಡರೆ ಎಂಟಿಯು ಕಡೆ ನೋಡಿ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯೇ ಎಂಟಿಯು. ಈಥರ್ನೆಟ್ಟಿನಲ್ಲಿ ಅದು 1500 ಬೈಟ್. ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟು ಅದರ ಖರ್ಚಿಗೆ ಹೋಗಿ 1492 ಉಳಿಯುತ್ತದೆ. ಹೊಸ ಫರ್ಮ್‌ವೇರ್ ಇದನ್ನು 1500 ಎಂದು ಇಟ್ಟುಬಿಟ್ಟರೆ ಸಣ್ಣ ಪ್ಯಾಕೆಟ್ಟುಗಳು ತೂರಿಹೋಗುತ್ತವೆ, ದೊಡ್ಡವು ದಾರಿಯಲ್ಲೇ ಬೀಳುತ್ತವೆ. ಪ್ಯಾಕೆಟ್ ದೊಡ್ಡದಾಯಿತು ಎಂದು ಹಿಂದಕ್ಕೆ ತಿಳಿಸುವ ಐಸಿಎಂಪಿ ಸಂದೇಶವನ್ನು ನಡುವೆ ಯಾರಾದರೂ ತಡೆದಿದ್ದರೆ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಅಳೆಯುವುದು ಸುಲಭ. ವಿಂಡೋಸಿನಲ್ಲಿ ಪಿಂಗ್ -ಎಫ್ -ಎಲ್ 1472 8.8.8.8 ಎಂದು ಕೊಡಿ (ಅಕ್ಷರಗಳು ಇಂಗ್ಲಿಷಿನ ಸಣ್ಣಕ್ಷರಗಳು). ಎಫ್ ಎಂದರೆ ತುಂಡು ಮಾಡಬೇಡ, ಎಲ್ ಮುಂದಿನದು ಅಳತೆ. ಈ ಅಳತೆಗೆ ಹೆಡರುಗಳ 28 ಬೈಟ್ ಸೇರಬೇಕು, 20 ಐಪಿಯದು, 8 ಐಸಿಎಂಪಿಯದು. ಹಾಗಾಗಿ 1472 ಎಂದರೆ ಸರಿಯಾಗಿ 1500. ಅದು ಹೋಗದೆ 1464 ಹೋದರೆ ನಿಮ್ಮ ಎಂಟಿಯು 1492. ಅದೂ ಹೋಗದಿದ್ದರೆ ಹತ್ತು ಹತ್ತು ಇಳಿಸುತ್ತಾ, ಹೋಗುವ ಅಳತೆ ಸಿಕ್ಕ ಮೇಲೆ ಒಂದೊಂದೇ ಏರಿಸಿ. ದಾಟುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ ರೌಟರಿನ ವ್ಯಾನ್ ಪುಟದಲ್ಲಿ ಬರೆಯಿರಿ. ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ಟುಗಳು ಈ ಮಿತಿ ಮೀರದಂತೆ ಮೊದಲೇ ತಿಳಿಸುವುದು) ಎಂಬ ಆಯ್ಕೆ ಕಂಡರೆ ಹಚ್ಚಿಡಿ.

ಎಂಟಿಯು ಸರಿಯಿದ್ದೂ ಸೈಟುಗಳು ತಡವರಿಸಿದರೆ ಹೊಸ ಬಗೆಯ ಐಪಿ ವಿಳಾಸ ವ್ಯವಸ್ಥೆಯಾದ ಐಪಿವಿ6 ಅನ್ನು ಪರೀಕ್ಷೆಗಾಗಿ ಆಫ್ ಮಾಡಿ ನೋಡಿ. ಅಪ್‌ಗ್ರೇಡ್ ಅದನ್ನು ಹಚ್ಚಿರುತ್ತದೆ, ವಿಳಾಸವೂ ಬಂದಿರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಆಫ್ ಮಾಡಿದ ಕೂಡಲೇ ಸರಿಹೋದರೆ ಕಾರಣ ಸಿಕ್ಕಿತು. ಆದರೆ ಹಾಗೇ ಆಫ್ ಮಾಡಿ ಮರೆತುಬಿಡಬೇಡಿ. ಸಂಪರ್ಕ ಕೊಡುವವರು ಯಾವ ಬಗೆಯ ಐಪಿವಿ6 ಕೊಡುತ್ತಾರೆಂದು ಕೇಳಿ ಅದರಂತೆ ಹೊಂದಿಸಿ.

ವೈ-ಫೈ ಕಾಣುವುದಿಲ್ಲ, ಅಥವಾ ಕಂಡರೂ ಸೇರುವುದಿಲ್ಲ

ಹಳೆಯ ಪ್ರಿಂಟರು, ಸ್ಮಾರ್ಟ್ ಬಲ್ಬು, ಕ್ಯಾಮೆರಾ ಮಾತ್ರ ಹೊರಗುಳಿದು ಹೊಸ ಫೋನುಗಳು ಸೇರಿಕೊಂಡರೆ ಸಂಶಯವಿಲ್ಲದೆ ಭದ್ರತೆಯ ಸೆಟ್ಟಿಂಗಿಗೆ ಹೋಗಿ. ವೈ-ಫೈ ಭದ್ರತೆಯ ಹೊಸ ಆವೃತ್ತಿ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಹೊಸ ಫರ್ಮ್‌ವೇರುಗಳು ಅದನ್ನೋ, ಡಬ್ಲ್ಯುಪಿಎ2 ಜೊತೆಗಿನ ಮಿಶ್ರ ಮೋಡನ್ನೋ ತಾವೇ ಆರಿಸಿಕೊಳ್ಳುತ್ತವೆ. ಮಿಶ್ರ ಮೋಡ್ ಎಲ್ಲಕ್ಕೂ ಹೊಂದಬೇಕು ನಿಜ, ಆದರೆ ಕೆಲವು ಹಳೆಯ ಚಿಪ್ಪುಗಳು ಅದರ ಘೋಷಣೆಯನ್ನು ನೋಡಿಯೇ ಗಲಿಬಿಲಿಗೊಳ್ಳುತ್ತವೆ. ಅಂಥ ಉಪಕರಣಗಳಿಗೆ ಡಬ್ಲ್ಯುಪಿಎ2, ಎಇಎಸ್ ಇರುವ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ. ಇಡೀ ಮನೆಯ ಭದ್ರತೆಯನ್ನು ಒಂದು ಬಲ್ಬಿಗಾಗಿ ಇಳಿಸಬೇಡಿ.

ಬಲ್ಬುಗಳ ಇನ್ನೊಂದು ತೊಂದರೆ: ಅವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಅಪ್‌ಗ್ರೇಡ್ ಎರಡು ಬ್ಯಾಂಡುಗಳ ಹೆಸರನ್ನು ಒಂದು ಮಾಡಿದ್ದರೆ ಹಳೆಯ ಹೆಸರು ಹುಡುಕುತ್ತಿರುವ ಬಲ್ಬಿಗೆ ಅದು ಸಿಗುವುದೇ ಇಲ್ಲ. ಬ್ಯಾಂಡ್ ಸ್ಟಿಯರಿಂಗ್ (ಯಾವ ಬ್ಯಾಂಡೆಂದು ರೌಟರೇ ತೀರ್ಮಾನಿಸುವ ಸೆಟ್ಟಿಂಗ್) ಆಫ್ ಮಾಡಿ, ಹೆಸರು ಮತ್ತು ಪಾಸ್‌ವರ್ಡನ್ನು ಅಕ್ಷರ ಬಿಡದೆ ಮೊದಲಿನಂತೆ ಕೊಡಿ. ಎಲ್ಲವೂ ತಾವೇ ಬಂದು ಸೇರುತ್ತವೆ.

5 ಗಿಗಾಹರ್ಟ್ಸ್ ನೆಟ್‌ವರ್ಕ್ ರೀಬೂಟ್ ಆದ ಒಂದು ನಿಮಿಷ ಕಾಣದೆ ಆಮೇಲೆ ಕಂಡರೆ ಅದು ದೋಷವಲ್ಲ. 52ರಿಂದ 144ರವರೆಗಿನ ಚಾನೆಲ್ಲುಗಳನ್ನು ರಾಡಾರುಗಳೂ ಬಳಸುತ್ತವೆ. ಅಲ್ಲಿ ಮಾತಾಡುವ ಮುಂಚೆ ರೌಟರ್ ಸಾಮಾನ್ಯವಾಗಿ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳಬೇಕು. ರಾಡಾರ್ ಸಿಕ್ಕರೆ ಆ ಚಾನೆಲ್ ಬಿಟ್ಟು ಅರ್ಧ ಗಂಟೆ ಅತ್ತ ತಲೆಹಾಕುವಂತಿಲ್ಲ. ಹೊಸ ಫರ್ಮ್‌ವೇರ್ ಚಾನೆಲ್ ಅಗಲವನ್ನು 160 ಮೆಗಾಹರ್ಟ್ಸಿಗೆ ಏರಿಸಿದ್ದರೆ 36ರಿಂದ ಶುರುವಾದರೂ 64ರವರೆಗೆ ಹಬ್ಬಿ ರಾಡಾರ್ ಜಾಗಕ್ಕೆ ಕಾಲಿಡುತ್ತದೆ. ದಿನಕ್ಕೆ ನಾಲ್ಕು ಸಲ 5 ಗಿಗಾಹರ್ಟ್ಸ್ ಮಾಯವಾಗುತ್ತಿದೆ ಎನ್ನುವವರು ಅಗಲವನ್ನು 80ಕ್ಕೆ ಇಳಿಸಿ, ಚಾನೆಲ್ 36ಕ್ಕೆ ಕಟ್ಟಿಹಾಕಿ ನೋಡಿ. 2.4ರಲ್ಲಿ 1, 6, 11 ಈ ಮೂರರಲ್ಲಿ ಒಂದನ್ನು ಇಟ್ಟು ಅಗಲ 20 ಮಾಡಿ.

ನೆಟ್ ಇದೆ, ವೇಗ ಇಲ್ಲ

ಕೇಬಲ್ಲಿನಲ್ಲೂ ವೇಗ ಕುಸಿದಿದ್ದರೆ ಕ್ಯೂಒಎಸ್ (ಯಾವ ಬಳಕೆಗೆ ಆದ್ಯತೆ ಎಂದು ನಿರ್ಧರಿಸುವುದು), ಟ್ರಾಫಿಕ್ ವಿಶ್ಲೇಷಣೆ, ಪೇರೆಂಟಲ್ ಕಂಟ್ರೋಲ್ ಇವುಗಳಲ್ಲಿ ಯಾವುದಾದರೂ ಹೊಸದಾಗಿ ಹಚ್ಚಿಕೊಂಡಿದೆಯೇ ನೋಡಿ. ಪ್ಯಾಕೆಟ್ಟುಗಳನ್ನು ಪ್ರೊಸೆಸರಿಗೆ ತೊಂದರೆ ಕೊಡದೆ ನೇರ ದಾಟಿಸುವ ಹಾರ್ಡ್‌ವೇರ್ ವ್ಯವಸ್ಥೆ ಇವು ಬಂದರೆ ಬದಿಗೆ ಸರಿಯುತ್ತದೆ. ಹಾಗೆಯೇ ಪೋರ್ಟ್ 1000ಕ್ಕೆ ಬದಲು 100 ಮೆಗಾಬಿಟ್ ತೋರಿಸುತ್ತಿದ್ದರೆ ಅದು ಕೇಬಲ್ಲಿನ ಒಂದು ಎಳೆ ಹೋದ ಲಕ್ಷಣ, ಅಪ್‌ಗ್ರೇಡಿಗೆ ಸಂಬಂಧವಿಲ್ಲದಿರಬಹುದು.

ಸೆಟ್ಟಿಂಗ್ ಪುಟ ಖಾಲಿ ಬಂದರೆ, ಗುಂಡಿ ಒತ್ತಿದರೂ ಏನೂ ಆಗದಿದ್ದರೆ, ಬ್ರೌಸರ್ ಹಳೆಯ ಪುಟದ ತುಣುಕುಗಳನ್ನು ಹಿಡಿದುಕೊಂಡಿದೆ ಎಂದರ್ಥ. ಪ್ರೈವೇಟ್ ವಿಂಡೋದಲ್ಲಿ ತೆರೆಯಿರಿ.

ಈಗ ರೀಸೆಟ್

ಇಷ್ಟಾದರೂ ತೊಂದರೆಗೆ ತಲೆಬುಡ ಸಿಗದಿದ್ದರೆ, ವಿಶೇಷವಾಗಿ ಬೇರೆಬೇರೆ ಕಡೆ ಒಟ್ಟಿಗೆ ಕೆಟ್ಟಿದ್ದರೆ, ರೀಸೆಟ್ ಮಾಡುವುದು ಸರಿಯಾದ ಕ್ರಮ. ಹಳೆಯ ಸೆಟ್ಟಿಂಗುಗಳನ್ನು ಹೊಸ ಫರ್ಮ್‌ವೇರ್ ತಪ್ಪಾಗಿ ಓದುವುದು ಬರೀ ಊಹೆಯಲ್ಲ. 2021ರಲ್ಲಿ ಬಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರಿನ 21.02 ಆವೃತ್ತಿಯಲ್ಲಿ ಹಲವು ರೌಟರುಗಳ ಪೋರ್ಟುಗಳನ್ನು ನಡೆಸುವ ರೀತಿಯೇ ಬದಲಾಯಿತು. ಆ ರೌಟರುಗಳಲ್ಲಿ ಹಳೆಯ ಸೆಟ್ಟಿಂಗ್ ಉಳಿಸಿಕೊಂಡು ಮುಂದೆ ಹೋಗಲು ಅಪ್‌ಗ್ರೇಡ್ ಒಪ್ಪುತ್ತಿರಲಿಲ್ಲ, ಎಲ್ಲ ಅಳಿಸಿ ಬಾ ಎನ್ನುತ್ತಿತ್ತು. ಬಹಳಷ್ಟು ಫರ್ಮ್‌ವೇರುಗಳು ಅಷ್ಟು ನಿಷ್ಠುರವಾಗಿ ಹೇಳುವುದಿಲ್ಲ, ತೊಂದರೆ ಅಲ್ಲೇ ಬರುವುದು.

ರೀಸೆಟ್ಟಿಗೆ ಮುಂಚೆ ಪ್ರತಿ ಸೆಟ್ಟಿಂಗ್ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ರೀಸೆಟ್ ಆದ ಮೇಲೆ ಬ್ಯಾಕಪ್ ಫೈಲನ್ನು ಮರಳಿ ಹಾಕಬೇಡಿ. ಯಾವ ಕಸವನ್ನು ತೆಗೆಯಲು ಅಳಿಸಿದೆವೋ ಅದೇ ಮರಳಿ ಬರುತ್ತದೆ. ಫೋಟೊ ನೋಡಿಕೊಂಡು ಕೈಯಾರೆ ತುಂಬಿಸಿ. ಮೊದಲು ಸಂಪರ್ಕ, ಆಮೇಲೆ ವೈ-ಫೈ, ಉಳಿದದ್ದು ಒಂದೊಂದಾಗಿ, ನಡುನಡುವೆ ಪರೀಕ್ಷಿಸುತ್ತಾ. ರಿಮೋಟ್ ಮ್ಯಾನೇಜ್‌ಮೆಂಟ್ ಆರಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ಹಳೆಯ ಫರ್ಮ್‌ವೇರಿಗೆ ಮರಳುವುದು ಕೊನೆಯ ದಾರಿ. ಕೆಲವು ರೌಟರುಗಳು ಮರಳಲು ಬಿಡುವುದೇ ಇಲ್ಲ. ಬಿಟ್ಟರೂ ಅಲ್ಲೇ ನೆಲೆಸಬೇಡಿ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 5 ಲಕ್ಷಕ್ಕೂ ಹೆಚ್ಚು ರೌಟರು ಮತ್ತು ಸ್ಟೋರೇಜ್ ಪೆಟ್ಟಿಗೆಗಳಿಗೆ ಹೊಕ್ಕದ್ದು ಬಯಲಾಯಿತು. ಹಳೆಯ ಫರ್ಮ್‌ವೇರಿನ ತೆರೆದ ಬಾಗಿಲುಗಳೇ ಇಂಥವಕ್ಕೆ ದಾರಿ.

ಏಳದೇ ಇರುವ ರೌಟರ್

ಪವರ್ ಲೈಟು ಬಿಟ್ಟು ಏನೂ ಹತ್ತದಿದ್ದರೂ ಆಸೆ ಬಿಡಬೇಡಿ. ಸಾಮಾನ್ಯ ಅಪ್‌ಗ್ರೇಡ್ ಬೂಟ್‌ಲೋಡರನ್ನು (ಫರ್ಮ್‌ವೇರನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮನ್ನು) ಹೆಚ್ಚಾಗಿ ಮುಟ್ಟುವುದಿಲ್ಲ, ಅದು ಬದುಕಿದ್ದರೆ ರೌಟರನ್ನು ಉಳಿಸಬಹುದು. ಕಂಪ್ಯೂಟರಿಗೆ 192.168.1.10 ಎಂಬ ವಿಳಾಸ, 255.255.255.0 ಎಂಬ ಮಾಸ್ಕನ್ನು ಕೈಯಾರೆ ಕೊಡಿ (ರೌಟರಿನದು 192.168.0.1 ಆಗಿದ್ದರೆ 192.168.0.10). ಪಿಂಗ್ ನಿಲ್ಲದೆ ಓಡುತ್ತಿರಲಿ. ರೀಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಹಚ್ಚಿ. ಪವರ್ ಲೈಟು ಮಿಣುಕುವ ಲಯ ಬದಲಾದರೆ ರಿಕವರಿ ಮೋಡಿಗೆ ಬಂದಿದೆ. ಏಸುಸ್ ರೌಟರುಗಳಲ್ಲಿ ಅದು ನಿಧಾನವಾಗಿ ಮಿಣುಕುತ್ತದೆ. ಕೆಲವು ಮಾದರಿಗಳಲ್ಲಿ ಬ್ರೌಸರಿನಲ್ಲೇ ಒಂದು ಸರಳ ಪುಟ ತೆರೆಯುತ್ತದೆ, ಕೆಲವಕ್ಕೆ ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಫೈಲ್ ಕಳಿಸಬೇಕು. ಟಿಪಿ-ಲಿಂಕಿನ ಹಲವು ಮಾದರಿಗಳು ತಾವೇ 192.168.0.66 ವಿಳಾಸದ ಕಂಪ್ಯೂಟರನ್ನು ಹುಡುಕಿ ಫೈಲ್ ಎಳೆದುಕೊಳ್ಳುತ್ತವೆ. ಫೈಲ್ ಹಾಕುವ ಮುಂಚೆ ರೌಟರಿನ ತಳದ ಚೀಟಿಯಲ್ಲಿ ಹಾರ್ಡ್‌ವೇರ್ ಆವೃತ್ತಿ ಓದಿ: ವಿ1 ಮತ್ತು ವಿ2 ಒಂದೇ ಹೆಸರಿನ ಬೇರೆಬೇರೆ ಯಂತ್ರಗಳು.

ಪಿಂಗ್ ಉತ್ತರದ ಕೊನೆಯಲ್ಲಿರುವ ಟಿಟಿಎಲ್ ಅಂಕಿಯ (ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದು ಎಂಬ ಎಣಿಕೆಯ) ಮೇಲೆ ಕಣ್ಣಿಡಿ. ಬ್ರಾಡ್‌ಕಾಮ್ ಚಿಪ್ಪಿನ ಹಳೆಯ ರೌಟರುಗಳಲ್ಲಿ 100 ಎಂದು ಬಂದರೆ ಉತ್ತರ ಕೊಡುತ್ತಿರುವುದು ಬೂಟ್‌ಲೋಡರ್. ಫೈಲ್ ಕಳಿಸಬೇಕಾದ ಹೊತ್ತು ಅದೇ. ಕಳಿಸಿ ಕಾಯುತ್ತೀರಿ, ಉತ್ತರ ನಿಲ್ಲುತ್ತದೆ, ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು ಬರುತ್ತದೆ, ಅದರಲ್ಲಿ ಟಿಟಿಎಲ್ 64. ಫರ್ಮ್‌ವೇರಿನ ಲಿನಕ್ಸ್ ಎದ್ದಿದೆ. ಕಂಪ್ಯೂಟರಿನ ವಿಳಾಸವನ್ನು ಮತ್ತೆ ಆಟೋಮ್ಯಾಟಿಕ್ ಮಾಡಿ, ಲಾಗಿನ್ ಪುಟ ತೆರೆಯಿರಿ.